ಮರಳುಗಾಡನ್ನು ಇಂಪ್ರೆಷನಿಸ್ಟ್ ಶೈಲಿಯಲ್ಲಿ ಬರೆಯಲು ಸಲಹೆ ಬೇಕು

ಡೊಂಬಿವಲಿಯಿಂದ ಪ್ರಶ್ನೆ: ಜನವರಿಯಲ್ಲಿ ಜೈಸಲ್ಮೇರ್ ಬಳಿಯ ಸಾಮ್ ಮರಳುದಿಬ್ಬಗಳಲ್ಲಿ ನಾಲ್ಕು ದಿನ ಕೂತು ಆಯಿಲ್‌ನಲ್ಲಿ ಇಂಪ್ರೆಷನಿಸ್ಟ್ ಶೈಲಿಯ (ಆ ಕ್ಷಣದ ಬೆಳಕನ್ನು ಬಿಡಿಬಿಡಿ ಹೊಡೆತಗಳಲ್ಲಿ ಹಿಡಿಯುವ) ಚಿತ್ರ ಬರೆಯಬೇಕೆಂದಿದ್ದೇನೆ. ಫೋಟೋ ನೋಡಿ ಬರೆದರೆ ಮರಳೆಲ್ಲ ಬಿಸ್ಕತ್ತಿನ ಬಣ್ಣ, ನೆರಳೆಲ್ಲ ಮಸಿ. ಬಲ್ಲವರು ತಿಳಿಸಿ.

ಮಾಟುಂಗಾದಿಂದ: ಕಪ್ಪು ಟ್ಯೂಬ್ ಮನೆಯಲ್ಲೇ ಇರಲಿ ಸರ್. ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ಆರೆಂಜ್, ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲಿಜರಿನ್ (ಕಡುಗೆಂಪು), ಅಲ್ಟ್ರಾಮರೀನ್ (ಕಡುನೀಲಿ), ಇಷ್ಟು ಸಾಕು. ಬಿಸಿಲು ಬಿದ್ದ ಮರಳಿಗೆ 4 ಪಾಲು ಬಿಳಿ, 1 ಪಾಲು ಓಕರ್, ಚೂರೇ ಚೂರು ಆರೆಂಜ್. ನೆರಳಿಗೆ ಅಲ್ಟ್ರಾಮರೀನ್, ಸ್ವಲ್ಪ ಅಲಿಜರಿನ್, ಬಿಳಿ. ತೀರಾ ನೇರಳೆ ಎನಿಸಿದರೆ ಓಕರ್ ಮುಟ್ಟಿಸಿ. ಮರಳಿನ ನೆರಳಿನ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ. ಫೋಟೋದಲ್ಲಿ ಕಳೆದುಹೋಗುವುದೇ ಅದು. ದಿಬ್ಬದ ಬುಡ ನೋಡಿ: ಎದುರಿನ ಬಿಸಿಲುಮರಳಿನಿಂದ ಪುಟಿದ ಬೆಳಕು ಅಲ್ಲಿ ನೆರಳನ್ನು ಬೆಚ್ಚಗಾಗಿಸುತ್ತದೆ, ಅದಕ್ಕೆ ಸಿಯೆನ್ನಾ ಸೇರಿಸಿ. ಒಂದೊಂದು ಬಣ್ಣವನ್ನೂ ಪಕ್ಕಪಕ್ಕ ಇಟ್ಟು ಕೈ ತೆಗೆಯಬೇಕು. ತಿಕ್ಕಿದಿರೋ, ಕೆಸರು.

ಪುಣೆಯಿಂದ: ಬಣ್ಣಕ್ಕಿಂತ ಆಕಾರದಲ್ಲೇ ಹೆಚ್ಚು ಜನ ಎಡವುತ್ತಾರೆ. ದಿಬ್ಬ ತ್ರಿಕೋನವಲ್ಲ. ಗಾಳಿ ಬೀಸುವ ಮಗ್ಗುಲು 10–15 ಡಿಗ್ರಿಯ ಸಾವಕಾಶದ ಏರು, ಮರಳು ಜಾರುವ ಮಗ್ಗುಲು 30–34 ಡಿಗ್ರಿ. ನೆತ್ತಿಯ ಗೆರೆ ಒಂದೇ ಚೂಪಾಗಿರಲಿ, ಉಳಿದ ಅಂಚು ಕರಗಲಿ. ಅಲೆಗೆರೆಗಳನ್ನು ಮುಂಭಾಗದಲ್ಲಿ ಮಾತ್ರ, ಅದೂ 6ನೇ ನಂಬರ್ ಫ್ಲಾಟ್ ಬ್ರಷ್ಷಿನ ಏಳೆಂಟು ಹೊಡೆತದಲ್ಲಿ.

ಕ್ಯಾನ್ವಾಸಿನ ಮೇಲೆ ಬಿಸಿಲು ಬಿದ್ದರೆ ಬಣ್ಣ ತಿಳಿಯಾಗಿ ಕಂಡು, ನೀವು ಗಾಢ ಬಳಿಯುತ್ತೀರಿ. ಮನೆಗೆ ತಂದಾಗ ಚಿತ್ರ ಕಪ್ಪು. ಕಪ್ಪು ಕೊಡೆ ಹಿಡಿಯಿರಿ, ಕೆಂಪು ಬೇಡ. ಒಂದು ಚಿತ್ರಕ್ಕೆ 90 ನಿಮಿಷ ಮೀರಬೇಡಿ, ನೆರಳು ಜಾಗ ಬಿಟ್ಟಿರುತ್ತದೆ. ಫ್ರೆಂಚ್ ಇಂಪ್ರೆಷನಿಸ್ಟ್ ಕಲಾವಿದ ಕ್ಲಾಡ್ ಮೊನೆ 1890–91ರಲ್ಲಿ ಬಣವೆಗಳನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಬರೆದ ಹಾಗೆ ಬೆಳಗಿಗೊಂದು, ಸಂಜೆಗೊಂದು ಬೋರ್ಡ್ ಇಡಿ.

ಡೊಂಬಿವಲಿಯಿಂದ: ಉಪಕಾರವಾಯಿತು. ಬೋರ್ಡಿಗೆ ಮೊದಲೇ ಬಣ್ಣ ಬಳಿಯಬೇಕೆ? ಹಸಿ ಚಿತ್ರ ತರುವುದು ಹೇಗೆ?

ಮಡಗಾಂವಿಂದ: 8×10 ಇಂಚಿನ ಮರದ ನಾರಿನ ಹಲಗೆಯಾದ ಎಂಡಿಎಫ್‌ಗೆ ಎರಡು ಕೋಟ್ ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ), ಒಣಗಿದ ಮೇಲೆ ತೆಳು ಸಿಯೆನ್ನಾ ಬಳಿದಿಡಿ. ಇಲ್ಲದಿದ್ದರೆ ಹೊಡೆತಗಳ ನಡುವೆ ಬಿಳಿ ಚುಕ್ಕೆ ಇಣುಕುತ್ತದೆ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಬೆಂಕಿ ಹಿಡಿಯುವಂಥದ್ದು, ರೈಲಿಗೂ ವಿಮಾನಕ್ಕೂ ಒಯ್ಯುವಂತಿಲ್ಲ. ಅಲ್ಲೇ ಪೇಂಟ್ ಅಂಗಡಿಯಲ್ಲಿ ಕೊಳ್ಳಿ. ಗಾಳಿಗೆ ಮರಳು ಹಸಿ ಬಣ್ಣಕ್ಕೆ ಅಂಟಿದರೆ ಒರೆಸಬೇಡಿ, ಪೂರ್ತಿ ಒಣಗಿದ ಮೇಲೆ ಒರಟು ಬ್ರಷ್ಷಿಗೆ ಉದುರುತ್ತದೆ. ತರುವಾಗ ಎರಡು ಬೋರ್ಡನ್ನು ಎದುರುಬದುರು ಇಟ್ಟು, ನಾಲ್ಕು ಮೂಲೆಗೂ ಬಿರಡೆಯ ತುಂಡು ಸಿಕ್ಕಿಸಿ ಕ್ಲಿಪ್ ಹಾಕಿ.