ಜಾತ್ರೆಯಲ್ಲಿ ಸಾಧು, ಮನೆಗೆ ಬಂದಮೇಲೆ ತಂಟೆ: ಹೊಸ ಕುದುರೆ ಬಗ್ಗೆ ತಿಳಿದವರು ಹೇಳಿ

ಗರಗ ಕಡೆಯಿಂದ ಪ್ರಶ್ನೆ:
ನಮಸ್ಕಾರ ರೀ ಎಲ್ಲರಿಗೂ. ಧಾರವಾಡದ ಹತ್ತಿರ ನಮ್ಮ ಹೊಲ. ಎತ್ತು, ಎಮ್ಮೆ ಚಿಕ್ಕಂದಿನಿಂದ ನೋಡಿಕೊಂಡು ಬಂದವನು ನಾನು. ಕುದುರೆ ಮಾತ್ರ ಇದೇ ಮೊದಲು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಒಂದು ಜಾತ್ರೆಯಿಂದ ಹೆಣ್ಣು ಕುದುರೆ ತಂದೆವು. ಬಿಳಿ ಬಣ್ಣ, ಆರು ವರ್ಷ ಅಂದರು. ಅಲ್ಲಿ ನನ್ನ ಮಗಳನ್ನು ಕೂರಿಸಿ ಒಂದು ಸುತ್ತು ಹಾಕಿಸಿದರು, ಕಿವಿ ಕೂಡ ಅಲ್ಲಾಡಿಸಲಿಲ್ಲ. ಮನೆಗೆ ಬಂದು ಒಂದು ವಾರ ಚೆನ್ನಾಗಿಯೇ ಇತ್ತು. ಈಗ ಬೇರೆ ಪ್ರಾಣಿನೇ ಆಗಿದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತದೆ. ಹೊಲದ ಗೇಟಿನ ತನಕ ಬಂದು ನಿಂತುಬಿಡುತ್ತದೆ. ಲಗಾಮು ಬಿಗಿ ಹಿಡಿದು ಕಾಲಿಂದ ಒತ್ತಿದರೆ ಮುಂಗಾಲು ಎತ್ತುತ್ತದೆ. ಕಾಳು ಹಾಕಲು ಹೋದರೆ ಹಿಂಗಾಲು ಝಾಡಿಸುತ್ತದೆ. ರಾತ್ರಿಯೆಲ್ಲ ಕೆನೆಯುತ್ತದೆ. ಊರಲ್ಲಿ ಒಬ್ಬರು ಮೈಮೇಲಿನ ಕೂದಲ ಸುಳಿ ಸರಿಯಿಲ್ಲ, ಬಂದ ಬೆಲೆಗೆ ಕೊಟ್ಟುಬಿಡು ಅನ್ನುತ್ತಾರೆ. ಇನ್ನೊಬ್ಬರು ನಾಲ್ಕು ಬಾರಿಸಿದರೆ ದಾರಿಗೆ ಬರುತ್ತೆ ಅನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ನವಲಗುಂದದಿಂದ:
ಬಾರಿಸುವ ಮಾತು ಬಿಡಿ ಅಣ್ಣಾ. ಕುದುರೆ ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿತು ಅಂದರೆ ನಾನು ಮೊದಲು ಹುಡುಕುವುದು ನೋವನ್ನು. ಜೀನು ತೆಗೆದು ನಿಲ್ಲಿಸಿ. ಹೆಗಲ ಹಿಂದಿನಿಂದ ಸೊಂಟದ ತನಕ, ಬೆನ್ನುಮೂಳೆಯ ಎರಡೂ ಪಕ್ಕ ಬೆರಳಿನಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಬೆನ್ನು ತಗ್ಗಿಸಿದರೆ, ಬಾಲ ಝಾಡಿಸಿದರೆ, ತಿರುಗಿ ನೋಡಿದರೆ ಅಲ್ಲಿ ನೋವಿದೆ ಅಂತ ಅರ್ಥ. ಜೀನು ಈ ಕುದುರೆಯದೇನಾ, ಬೇರೆ ಕಡೆ ತಂದದ್ದಾ? ಯಾವ ಜೀನೇ ಆಗಲಿ, ಬೆನ್ನುಮೂಳೆಗೆ ತಾಗಬಾರದು. ಒಬ್ಬರು ಮೇಲೆ ಕೂತಾಗ ಹಿಂದಿನಿಂದ ನೋಡಿದರೆ ನಡುವೆ ಬೆಳಕು ಕಾಣಬೇಕು. ಓಡಿಸಿ ಬಂದಮೇಲೆ ಬೆನ್ನು ನೋಡಿ. ಸುತ್ತಲೂ ಬೆವರಿದ್ದು ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ ಅಲ್ಲಿ ಜೀನು ಕಚ್ಚಿ ಕೂರುತ್ತಿರಬಹುದು. ಗೊರಸನ್ನೂ ಎತ್ತಿ ನೋಡಿ. ನಮ್ಮ ಎರೆ ಮಣ್ಣು ಅಡಿಯಲ್ಲಿ ಮೆತ್ತಿಕೊಂಡು ಹಾಗೇ ಉಳಿದರೆ ಒಳಗಿನ ಮೆತ್ತನೆ ಭಾಗ ಕೊಳೆಯುತ್ತದೆ. ಮೂಗಿಗೆ ಹಿಡಿದರೆ ಗೊತ್ತಾಗುತ್ತೆ, ಕೆಟ್ಟ ವಾಸನೆ ಇರುತ್ತದೆ.

ಗರಗ ಕಡೆಯಿಂದ:
ಜೀನು ಬೇರೆ ಕಡೆ ಕೊಂಡದ್ದು. ಲಗಾಮು, ಕಡಿವಾಣ ಮಾತ್ರ ಕುದುರೆ ಜೊತೆ ಕೊಟ್ಟರು. ಬೆನ್ನು ಒತ್ತಿ ನೋಡಿ ಹೇಳುತ್ತೇನೆ. ಮೇವಿನ ವಿಷಯನೂ ಹೇಳಿಬಿಡುತ್ತೇನೆ. ಸೊರಗಿತ್ತು ಅಂತ ಬೆಳಿಗ್ಗೆ ಎರಡು ಕೆಜಿ, ಸಂಜೆ ಎರಡು ಕೆಜಿ ಹುರುಳಿ ಬೇಯಿಸಿ ಹಾಕುತ್ತೇವೆ. ಗೋಧಿ ಬೂಸಾ ಬೇರೆ. ಹೊಲದಲ್ಲಿ ಹಿಂಗಾರಿ ಜೋಳ ಇದೆ, ಅದರ ಹಸಿ ಮೇವು ಕೊಯ್ದು ಹಾಕುತ್ತೇವೆ. ಮಧ್ಯಾಹ್ನ ಏನೂ ಇರುವುದಿಲ್ಲ. ದನದ ಕೊಟ್ಟಿಗೆಯ ಹಿಂದೆ ಒಂದೇ ಕಟ್ಟಿರುತ್ತೇವೆ. ಹತ್ತುವುದು ಭಾನುವಾರ ಮಾತ್ರ.

ಗದಗದಿಂದ, ಪಶು ಇಲಾಖೆಯಲ್ಲಿದ್ದು ನಿವೃತ್ತಿಯಾದವರು:
ಅರ್ಧ ಉತ್ತರ ನೀವೇ ಹೇಳಿದಿರಿ. ಜಾತ್ರೆಯಲ್ಲಿ ಅದು ದೂರದಿಂದ ನಡೆದು, ಲಾರಿಯಲ್ಲಿ ನಿಂತು, ಅರೆಹೊಟ್ಟೆಯಲ್ಲಿ ಸುಸ್ತಾದ ಕುದುರೆ. ಕೆಲವು ಕಡೆ ಮಂಕು ಬರುವ ಔಷಧ ಕೊಟ್ಟು ನಿಲ್ಲಿಸುವುದೂ ಉಂಟು. ನೀವು ಮನೆಗೆ ತಂದು ದಿನಕ್ಕೆ ನಾಲ್ಕು ಕೆಜಿ ಹುರುಳಿ ತಿನ್ನಿಸಿ, ವಾರಕ್ಕೆ ಆರು ದಿನ ಗೂಟಕ್ಕೆ ಕಟ್ಟಿದಿರಿ. ಆ ಶಕ್ತಿ ಎಲ್ಲಿಗೆ ಹೋಗಬೇಕು?

ಎಮ್ಮೆಯ ಹೊಟ್ಟೆ ಬೇರೆ, ಕುದುರೆಯ ಹೊಟ್ಟೆ ಬೇರೆ. ಕುದುರೆ ಮೆಲುಕು ಹಾಕಲ್ಲ. ಅದರ ಜಠರ ಚಿಕ್ಕದು, ಮೇವು ಇರಲಿ ಬಿಡಲಿ ಒಳಗೆ ಆಮ್ಲ ಊರುತ್ತಲೇ ಇರುತ್ತದೆ. ಗಂಟೆಗಟ್ಟಲೆ ಖಾಲಿ ಬಿಟ್ಟು ಒಮ್ಮೆಲೇ ಕಾಳು ಸುರಿದರೆ ಜಠರದಲ್ಲಿ ಹುಣ್ಣಾಗುತ್ತದೆ. ಹುಣ್ಣಾದ ಕುದುರೆ ಹೊಟ್ಟೆಪಟ್ಟಿ ಬಿಗಿಯಲು ಬಿಡದೇ ಇರುವುದು, ಕಚ್ಚಲು ಬರುವುದು ಸಾಮಾನ್ಯ. ಹಾಗಾಗಿ ಒಣ ಮೇವು ಯಾವಾಗಲೂ ಬಾಯಿಗೆ ಸಿಗುವಂತೆ ಇಡಿ. ಲೆಕ್ಕ ಹೀಗೆ: 350 ಕೆಜಿ ತೂಕದ ಕುದುರೆಗೆ ದಿನಕ್ಕೆ ಆರರಿಂದ ಏಳು ಕೆಜಿ ಒಣ ಮೇವು. ಕರಡ, ಚೆನ್ನಾಗಿ ಒಣಗಿದ ಜೋಳದ ಕಣಿಕೆ, ಸ್ವಲ್ಪ ಕುದುರೆ ಮೆಂತೆ ಸೊಪ್ಪು. ಕೆಲಸ ಇಲ್ಲದ ಕುದುರೆಗೆ ಕಾಳು ಒಂದು ಕೆಜಿ ಸಾಕು, ಅದನ್ನೂ ಎರಡು ಮೂರು ಪಾಲು ಮಾಡಿ. ಆದರೆ ನಾಳೆಯೇ ಎಲ್ಲ ಬದಲಾಯಿಸಬೇಡಿ. ಏಳರಿಂದ ಹತ್ತು ದಿನ ತೆಗೆದುಕೊಂಡು ನಿಧಾನಕ್ಕೆ ಇಳಿಸಿ. ನೀರು ದಿನಕ್ಕೆ 25ರಿಂದ 40 ಲೀಟರ್ ಬೇಕು. ಕಲ್ಲುಪ್ಪಿನ ಗಡ್ಡೆ ಒಂದು ತೂಗಿಬಿಡಿ.

ಹಸಿ ಜೋಳ ಇವತ್ತೇ ನಿಲ್ಲಿಸಿ. ಇದು ಮಾತ್ರ ತಡ ಮಾಡುವ ವಿಷಯ ಅಲ್ಲ. ಎಳೆ ಜೋಳ, ಬಾಡಿದ ಜೋಳ ದನಕ್ಕೇ ವಿಷ ಅಂತ ನಿಮಗೆ ಗೊತ್ತಿದೆ. ಕುದುರೆಗೆ ಹಸಿ ಜೋಳ ಬಹಳ ದಿನ ತಿನ್ನಿಸಿದರೆ ಮೂತ್ರಕೋಶ ಕೆಡುತ್ತದೆ, ಹಿಂಗಾಲು ತೂರಾಡುತ್ತದೆ. ಬೂಸು ಹಿಡಿದ ಶೇಂಗಾ ಹೊಟ್ಟು ಬೇಡ. ಕೋಳಿ ಆಹಾರವನ್ನಂತೂ ಹತ್ತಿರವೂ ತರಬೇಡಿ. ಅದರಲ್ಲಿ, ಕೆಲವು ದನದ ಆಹಾರದಲ್ಲೂ, ಮೊನೆನ್ಸಿನ್ ಅನ್ನುವ ಔಷಧ ಬೆರೆಸಿರುತ್ತಾರೆ. ದನ ತಡೆಯುತ್ತದೆ, ಕುದುರೆಯ ಹೃದಯ ತಡೆಯಲ್ಲ.

ಡಾಕ್ಟರನ್ನು ಕರೆಸಿ ಬಾಯಿ ತೋರಿಸಿ. ಕುದುರೆಯ ಹಲ್ಲು ಜೀವಮಾನವಿಡೀ ಮೇಲೆ ಬರುತ್ತಲೇ ಇರುತ್ತದೆ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತದೆ. ಅರ್ಧ ಅಗಿದ ಮೇವನ್ನು ಉಂಡೆ ಮಾಡಿ ಉಗುಳುವುದು, ಲದ್ದಿಯಲ್ಲಿ ಇಡೀ ಕಾಳು ಬರುವುದು, ಇವೇ ಗುರುತು. ಅರದಿಂದ ಉಜ್ಜಿ ಸಮ ಮಾಡುತ್ತಾರೆ. ವಯಸ್ಸನ್ನೂ ಆಗಲೇ ಕೇಳಿ. ಐದು ವರ್ಷಕ್ಕೆ ಬಾಯಿಗೂಡುತ್ತದೆ, ಅಂದರೆ ಶಾಶ್ವತ ಹಲ್ಲೆಲ್ಲ ಬಂದಿರುತ್ತವೆ, ಆಮೇಲೆ ಮಾರುವವರು ಹೇಳಿದ್ದೇ ವಯಸ್ಸು. ಮೇಲಿನ ಮುಂದಿನ ಹಲ್ಲುಗಳಲ್ಲಿ ಅಂಚಿನದರ ಮೇಲೆ ಕಂದು ಗೀರು ಇಳಿಯಲು ಶುರುವಾಗಿದ್ದರೆ ಹತ್ತರ ಆಸುಪಾಸು ಅಂತ ಅಂದಾಜು.

ರಾಣೆಬೆನ್ನೂರಿನಿಂದ:
ರಾತ್ರಿ ಕೆನೆಯುವುದು ಒಂಟಿಯಾಗಿರುವುದಕ್ಕೆ ರೀ. ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಗೇಟು ದಾಟದೇ ಇರುವುದಕ್ಕೂ ಅದೇ ಕಾರಣ ಇರಬಹುದು, ಗುರುತಿದ್ದ ಜಾಗ ಬಿಟ್ಟು ಒಂದೇ ಹೋಗಲು ಹೆದರುತ್ತದೆ. ಕೊಟ್ಟಿಗೆಯ ಹಿಂದೆ ಬೇಡ, ಎತ್ತುಗಳು ಕಣ್ಣಿಗೆ ಕಾಣುವ ಹಾಗೆ ಕಟ್ಟಿ. ನಮ್ಮಲ್ಲಿ ಜೊತೆಗೆ ಒಂದು ಆಡು ಬಿಟ್ಟೆವು, ಎರಡೂ ಈಗ ಬಿಟ್ಟಿರಲ್ಲ. ಆಡು ಬಾಯಿ ಹಾಕದಂತೆ ಕಾಳಿನ ಬುಟ್ಟಿ ಮಾತ್ರ ಕಾಯಬೇಕು!

ಹಳೇ ಹುಬ್ಬಳ್ಳಿಯಿಂದ, ಟಾಂಗಾ ಹೊಡೆದ ಮನೆತನದವರು:
ತಮ್ಮಾ, ಎಲ್ಲರೂ ಸರಿಯಾಗೇ ಹೇಳಿದ್ದಾರೆ. ಆದರೆ ನನ್ನ ಗಮನ ಬೇರೆ ಕಡೆ ಹೋಯಿತು. ಬಿಳಿ ಕುದುರೆ ಅಂದೆ. ಲಗಾಮು ಬಿಗಿ ಹಿಡಿದು ಕಾಲಿಂದ ಒತ್ತಿದರೆ ಮುಂಗಾಲು ಎತ್ತುತ್ತದೆ ಅಂದೆ. ಇದು ಮದುವೆ ಮೆರವಣಿಗೆಯಲ್ಲಿ ಕುಣಿದ ಕುದುರೆ ಇರಬೇಕು ನೋಡು. ಹಾಗೆ ಕುಣಿಸುವ ಕುದುರೆಗೆ ಕಲಿಸುವುದೇ ಅದು. ಲಗಾಮು ಬಿಗಿಯಾಯಿತು, ಪಕ್ಕೆಗೆ ಒತ್ತು ಬಿತ್ತು ಅಂದರೆ ನಿಂತಲ್ಲೇ ಹೆಜ್ಜೆ ಹಾಕಬೇಕು, ಮುಂಗಾಲು ಎತ್ತಬೇಕು. ನೀನು ಮುಂದೆ ನಡಿ ಅಂತಿದ್ದೀಯ, ಅದಕ್ಕೆ ಕುಣಿ ಅಂತ ಕೇಳುತ್ತಿದೆ. ಕುಣಿದರೆ ನೀನು ಗದರುತ್ತೀಯ. ಆಗ ಅದು ಇನ್ನೂ ಜೋರಾಗಿ ಕುಣಿಯುತ್ತದೆ. ಅದರ ಕಡೆಯಿಂದ ತಪ್ಪೇನಿದೆ ಹೇಳು?

ಮಾರಿದವರಿಗೆ ಫೋನ್ ಮಾಡು. ಜಗಳ ಆಡಬೇಡ, ಸುಮ್ನೆ ಕೇಳು. ಮೊದಲು ಏನು ಕೆಲಸ ಮಾಡಿತ್ತು, ಯಾವ ಮಾತಿಗೆ ನಡೆಯುತ್ತಿತ್ತು, ಯಾವ ಮಾತಿಗೆ ನಿಲ್ಲುತ್ತಿತ್ತು, ಏನು ತಿನ್ನುತ್ತಿತ್ತು, ಪಕ್ಕದಲ್ಲಿ ಯಾವ ಕುದುರೆ ಇತ್ತು. ಮರಾಠಿ ಮಾತಿಗೆ ಪಳಗಿದ್ದರೆ ನಿನ್ನ ಕನ್ನಡ ಅದಕ್ಕೆ ಹೇಗೆ ತಿಳಿಯಬೇಕು? ನಮ್ಮಪ್ಪ ಹೊಸ ಕುದುರೆ ತಂದರೆ ಮೊದಲು ಹಳೆ ಮಾಲೀಕನ ಜೊತೆ ಟಾಂಗಾದಲ್ಲಿ ಕೂತು ಬರುತ್ತಿದ್ದರು, ಅವನ ಬಾಯಿ, ಕೈ ಎರಡೂ ನೋಡುತ್ತಿದ್ದರು. ಬೆಲೆ ಮಾತಾಡುವುದು ಆಮೇಲೆ.

ಇನ್ನೊಂದು, ಜೊತೆಗೆ ಕೊಟ್ಟ ಕಡಿವಾಣ ತೊಳೆದು ಕೈಯಲ್ಲಿ ಹಿಡಿದು ನೋಡು. ಒಳಗೆ ಮುಳ್ಳು ಇದೆಯಾ? ಇದ್ದರೆ ಎಸೆದುಬಿಡು. 1965ರ ಕೇಂದ್ರದ ನಿಯಮದಲ್ಲೇ ಮುಳ್ಳಿನ ಕಡಿವಾಣ ನಿಷೇಧ ಆಗಿದೆ, ಆದರೂ ಮೆರವಣಿಗೆ ಕುದುರೆಗಳ ಬಾಯಲ್ಲಿ ಇನ್ನೂ ಕಾಣುತ್ತದೆ. ಸುಳಿಯ ಮಾತು ಬಿಡು. ಸುಳಿ ನೋಡಿ ಬೆಲೆ ಇಳಿಸುವುದು ದಲಾಲಿಗಳ ಕಸುಬು. ಸುಳಿ ಒದೆಯಲ್ಲ.

ಹಾವೇರಿಯಿಂದ:
ನಾವು ಕೊಬ್ಬರಿ ಹೋರಿ ಕಟ್ಟುವವರು, ಅಂದರೆ ಕೊಬ್ಬರಿ ಮಾಲೆ ಹಾಕಿ ಹಬ್ಬದಲ್ಲಿ ಓಡಿಸುವ ಹೋರಿ ಸಾಕುವವರು. ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಹೋರಿ ಹಬ್ಬದ ಗದ್ದಲಕ್ಕೆ ಪಳಗಿದ ಹೋರಿಯನ್ನು ನೇಗಿಲಿಗೆ ಹೂಡಲು ನಾವು ಹೋಗಲ್ಲ. ಅದರ ಕೆಲಸವೇ ಬೇರೆ. ಮಗಳ ಸಲುವಾಗಿ ತಂದಿದ್ದರೆ ಈ ಕುದುರೆ ಅದಕ್ಕಲ್ಲ ಅನಿಸುತ್ತದೆ. ಒಳ್ಳೆ ಮನೆ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿ ಕೊಡಿ. ಮುಚ್ಚಿಟ್ಟು ಕೊಟ್ಟರೆ ಮುಂದಿನವರೂ ಇದೇ ಪ್ರಶ್ನೆ ಕೇಳುತ್ತಾರೆ, ಅಲ್ವಾ?

ಲಕ್ಷ್ಮೇಶ್ವರದಿಂದ, ಎರಡು ಕುದುರೆ ಸಾಕಿರುವ ಅಕ್ಕ:
ಹಾವೇರಿ ಅಣ್ಣನ ಮಾತಿಗೆ ಅರ್ಧ ಮಾತ್ರ ನನ್ನ ಒಪ್ಪಿಗೆ. ಮಗಳನ್ನು ಈಗ ಹತ್ತಿಸಲೇಬಾರದು, ಅದು ಸರಿ. ಆದರೆ ಕುದುರೆ ಹೊಸದನ್ನು ಕಲಿಯುತ್ತದೆ, ಕಲಿಸುವವರು ಆತುರ ಮಾಡದಿದ್ದರೆ. ನಾನು ಮಾಡಿದ್ದು ಹೇಳುತ್ತೇನೆ.

ಮೇಲೆ ಕೂರುವುದನ್ನು ಪೂರ್ತಿ ಬಿಟ್ಟೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವುದು, ಅಷ್ಟೇ. ಗೇಟಿನ ಹತ್ತಿರ ಅದು ನಿಲ್ಲುವ ಒಂದು ಹೆಜ್ಜೆ ಮುಂಚೆ ನಾನೇ ನಿಲ್ಲಿಸುತ್ತಿದ್ದೆ. ತಲೆ ಇಳಿಸಿ ಉಸಿರು ಬಿಟ್ಟ ಮೇಲೆ ವಾಪಸ್. ಮರುದಿನ ಒಂದು ಹೆಜ್ಜೆ ಆಚೆ. ಹಗ್ಗ ಎಳೆದಾಗ ಅದು ಒಂದು ಹೆಜ್ಜೆ ಇಟ್ಟರೂ ಸಾಕು, ಆ ಕ್ಷಣವೇ ಹಗ್ಗ ಸಡಿಲ ಬಿಡಬೇಕು. ಕುದುರೆ ಕಲಿಯುವುದು ಎಳೆತದಿಂದ ಅಲ್ಲ, ಎಳೆತ ನಿಂತಾಗ. ಕಾಲು ಗಂಟೆ ಸಾಕು, ಆದರೆ ದಿನಾ ಬೇಕು. ಭಾನುವಾರಕ್ಕೊಮ್ಮೆ ಅಂದರೆ ಏನೂ ಆಗಲ್ಲ.

ಕಾಳು ಹಾಕುವಾಗ ಹಿಂದಿನಿಂದ ಹೋಗಬೇಡಿ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿವೆ, ಸುತ್ತಲೂ ಕಾಣುತ್ತದೆ, ಬಾಲದ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣಲ್ಲ. ಮಾತಾಡಿಸುತ್ತಾ ಹೆಗಲ ಕಡೆಯಿಂದ ಹೋಗಿ. ಕೈಯಲ್ಲಿ ಬುಟ್ಟಿ ಇದ್ದಾಗ ಅದು ಕಾಲು ಝಾಡಿಸಿದರೆ ದೂರ ನಿಂತುಬಿಡಿ, ಕಿವಿ ಮುಂದೆ ಬಂದ ಮೇಲೆ ಹಾಕಿ. ಹೆದರಿ ಬೇಗ ಸುರಿದು ಓಡಿ ಬಂದರೆ, ‘ಒದ್ದರೆ ಕಾಳು ಸಿಗುತ್ತೆ’ ಅಂತ ಅದು ಕಲಿಯುತ್ತದೆ. ಹತ್ತುವ ದಿನ ಬಂದಾಗ ಹೆಲ್ಮೆಟ್ ಇರಲಿ, ಇನ್ನೊಬ್ಬರು ಜೊತೆಗಿರಲಿ. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ ಓಡುವ ರಸ್ತೆ ಕಡೆ ಸದ್ಯಕ್ಕೆ ಬೇಡವೇ ಬೇಡ.

ಗರಗ ಕಡೆಯಿಂದ:
ಎಲ್ಲರಿಗೂ ಶರಣು. ಮಾರಿದವರಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಕಾಕಾ ಹೇಳಿದ್ದು ನಿಜ, ಮದುವೆ ಮೆರವಣಿಗೆಗೆ ಬಾಡಿಗೆ ಹೋಗುತ್ತಿತ್ತಂತೆ, ಜೊತೆಗೆ ಯಾವಾಗಲೂ ಇನ್ನೊಂದು ಕುದುರೆ ಇರುತ್ತಿತ್ತಂತೆ. ಕಡಿವಾಣದ ಒಳಗೆ ಮುಳ್ಳು ಇದೆ. ತೆಗೆದು ಹಾಕಿ ಬರೀ ಹಗ್ಗದ ಮುಖಕಟ್ಟು ಹಾಕಿದ್ದೇವೆ. ಡಾಕ್ಟರ್ ಬಂದು ಬಾಯಿ ನೋಡಿದರು. ಬಲಗಡೆ ಕೆನ್ನೆ ಒಳಗೆ ಗಾಯ ಆಗಿದೆ, ಹಲ್ಲು ಉಜ್ಜಬೇಕು, ವಯಸ್ಸು ಆರಲ್ಲ, ಒಂಬತ್ತು ಹತ್ತು ಇರಬಹುದು ಅಂದರು. ಎತ್ತಿನ ಪಕ್ಕ ಕಟ್ಟಿದ ಮೇಲೆ ಕೆನೆಯುವುದು ಕಡಿಮೆ ಆಗಿದೆ. ಗೇಟು ಇನ್ನೂ ದಾಟಿಲ್ಲ. ಒಂದು ಅನುಮಾನ: ಹೊಟ್ಟೆ ಸ್ವಲ್ಪ ದೊಡ್ಡದಾದ ಹಾಗೆ ಕಾಣುತ್ತಿದೆ. ಮೇವಿಗೋ, ಗಬ್ಬವೋ?

ಗದಗದಿಂದ, ನಿವೃತ್ತರು:
ಕಣ್ಣಿಂದ ಹೇಳಲಾಗಲ್ಲ, ಪರೀಕ್ಷೆ ಮಾಡಿಸಿ. ಜಾತ್ರೆಯ ಹೆಣ್ಣು ಕುದುರೆ ಗಬ್ಬ ಇರುವುದು ಹೊಸದೇನಲ್ಲ. ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳು. ಗಬ್ಬ ಇದ್ದರೆ ಮೇವಿನ ಲೆಕ್ಕ, ಔಷಧ, ಸವಾರಿ ಎಲ್ಲ ಡಾಕ್ಟರನ್ನೇ ಕೇಳಿ ಮಾಡಬೇಕು. ಹಲ್ಲು ಉಜ್ಜಲು ಮಂಪರು ಚುಚ್ಚುಮದ್ದು ಕೊಡುವ ಮುಂಚೆಯೇ ಇದು ಗೊತ್ತಿರಲಿ. ಧನುರ್ವಾಯು ಲಸಿಕೆ ಆಗಿದೆಯಾ ಕೇಳಿ, ಕುದುರೆಗೆ ಅದು ಬೇಗ ತಗಲುತ್ತದೆ. ಬೇರೆ ರಾಜ್ಯದಿಂದ ಬಂದದ್ದರಿಂದ ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯೂ ಆಗಲಿ. ಮನುಷ್ಯರಿಗೂ ಹರಡುವ ರೋಗ ಅದು. ಮೂಗಿನಿಂದ ಗಟ್ಟಿ ಸಿಂಬಳ, ಚರ್ಮದ ಮೇಲೆ ಗಂಟು ಕಂಡರೆ ಬರಿಗೈಯಲ್ಲಿ ಮುಟ್ಟದೆ ಇಲಾಖೆಗೆ ತಿಳಿಸಿ. ಕಾಲು ಕೆರೆಯುತ್ತಾ, ಪಕ್ಕೆ ತಿರುಗಿ ನೋಡುತ್ತಾ, ಮತ್ತೆ ಮತ್ತೆ ಬಿದ್ದು ಹೊರಳಾಡಿದರೆ ಅದು ಹೊಟ್ಟೆನೋವು. ಕುದುರೆಗೆ ವಾಂತಿ ಆಗಲ್ಲ, ಬೆಳಗಾಗುವ ತನಕ ಕಾಯಬೇಡಿ. ನಿಮ್ಮ ಡಾಕ್ಟರ ಸ್ವಂತ ನಂಬರ್ ಈಗಲೇ ಇಸಿದುಕೊಂಡಿರಿ, ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನದ 1962ನ್ನೂ ಗೋಡೆ ಮೇಲೆ ಬರೆದಿಡಿ.