ಭಾವಾ, ಆ ನಾಲ್ಕು ಸಿನಿಮಾ ಬಗ್ಗೆ

ಭಾವಾ, ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಪುಟ್ಟನಿಗೆ ಕಾಲೇಜಿನಲ್ಲಿ ಸ್ಕಾಟ್ಲೆಂಡಿನ ನಿರ್ದೇಶಕ ಬಿಲ್ ಡಗ್ಲಾಸ್ ಬಗ್ಗೆ ಬರೆಯಲು ಕೊಟ್ಟಿದ್ದಾರೆ ಅಂತ ಅಕ್ಕ ಹೇಳಿದ್ದಳು. ಜೀವಮಾನದಲ್ಲಿ ನಾಲ್ಕೇ ಸಿನಿಮಾ ಮಾಡಿದವರಿಂದ ಹುಡುಗ ಕಲಿಯೋದೇನು ಅಂತ ನೀವು ಕೇಳಿದಿರಿ. ಲೆಕ್ಕ ಸರಿ, ನಾಲ್ಕೇ. ಆದರೆ ಎಂಥ ನಾಲ್ಕು!

ಅವರು ಹುಟ್ಟಿದ್ದು 1934ರಲ್ಲಿ, ಎಡಿನ್‌ಬರೋ ಪಕ್ಕದ ನ್ಯೂಕ್ರೇಗ್‌ಹಾಲ್ ಅನ್ನೋ ಕಲ್ಲಿದ್ದಲು ಗಣಿಯ ಊರಲ್ಲಿ. ತುಂಬಾ ಬಡತನ. ಆಗ ಖಾಲಿ ಜಾಮ್ ಜಾಡಿ ತಂದುಕೊಟ್ಟರೆ ಸಿನಿಮಾಕ್ಕೆ ಒಳಗೆ ಬಿಡುತ್ತಿದ್ದರು. ಹಾಗೆ ಜಾಡಿ ಕೊಟ್ಟು ಸಿನಿಮಾ ನೋಡಿದ ಹುಡುಗ ಇವರು.

ಆ ಬಾಲ್ಯವನ್ನೇ ಮುಂದೆ ಮೂರು ಸಿನಿಮಾ ಮಾಡಿದರು. 1972ರಲ್ಲಿ ‘ಮೈ ಚೈಲ್ಡ್‌ಹುಡ್’, 1973ರಲ್ಲಿ ‘ಮೈ ಏನ್ ಫೋಕ್’, 1978ರಲ್ಲಿ ‘ಮೈ ವೇ ಹೋಮ್’. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೊಟ್ಟ ಚೂರುಪಾರು ದುಡ್ಡು. ಕಪ್ಪು ಬಿಳುಪು. ಮಾತು ತೀರಾ ಕಡಿಮೆ. ಜೇಮಿ ಅನ್ನೋ ಹುಡುಗನ ಪಾತ್ರ ಮೂರರಲ್ಲೂ ಸ್ಟೀಫನ್ ಆರ್ಚಿಬಾಲ್ಡ್‌ದೇ. ಅವನಿಗೆ ಮೊದಲು ನಟನೆಯೇ ಗೊತ್ತಿರಲಿಲ್ಲ. ಮೊದಲನೆಯದರಲ್ಲಿ ಪುಟ್ಟ ಹುಡುಗ, ಮೂರನೆಯದಕ್ಕೆ ಬರುವಷ್ಟರಲ್ಲಿ ಮೀಸೆ ಚಿಗುರುವ ವಯಸ್ಸು. ನಮ್ಮ ಕಣ್ಣೆದುರೇ ಬೆಳೆಯುತ್ತಾನೆ.

ಒಂದು ದೃಶ್ಯ ಹೇಳಲೇಬೇಕು. ಮನೆಯಲ್ಲಿ ಕೊರೆಯುವ ಚಳಿ. ಅಜ್ಜಿ ಕುರ್ಚಿಯಲ್ಲಿ ಸುಮ್ನೆ ಕೂತಿದ್ದಾಳೆ. ಜೇಮಿ ಒಂದು ಕಪ್ಪಿಗೆ ಬಿಸಿನೀರು ಹಾಕುತ್ತಾನೆ. ಅಜ್ಜಿಗೆ ಕುಡಿಯೋಕೆ ಕೊಡ್ತಾನೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲ. ನೀರನ್ನು ಚೆಲ್ಲಿಬಿಡುತ್ತಾನೆ. ಆ ಬಿಸಿ ಕಪ್ಪನ್ನು ಅಜ್ಜಿಯ ಕೈಗೆ ಕೊಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಒತ್ತಿ ಹಿಡಿಯುತ್ತಾನೆ. ಒಂದು ಮಾತಿಲ್ಲ. ಆ ಮಗುವಿಗೆ ಎಷ್ಟು ಪ್ರೀತಿ ಇದೆ, ಮನೆಯಲ್ಲಿ ಎಷ್ಟು ಬಡತನ ಇದೆ, ಎರಡೂ ಗೊತ್ತಾಗುತ್ತದೆ. ನಾನು ಅಲ್ಲೇ ನಿಲ್ಲಿಸಿ ಮತ್ತೆ ನೋಡಿದೆ.

ನಾಲ್ಕನೆಯದು ‘ಕಾಮ್ರೇಡ್ಸ್’, 1986ರದ್ದು. ನಡುವೆ ಎಂಟು ವರ್ಷ. ಅವರೇನೂ ಸುಮ್ಮನೆ ಕೂತಿರಲಿಲ್ಲ ಭಾವಾ, ದುಡ್ಡು ಹಾಕುವವರು ಸಿಗಬೇಕಿತ್ತು. ಕೂಲಿ ಕಡಿಮೆಯಾಯಿತೆಂದು ಸಂಘ ಕಟ್ಟಿದ, ಇಂಗ್ಲೆಂಡಿನ ಟಾಲ್‌ಪಡಲ್ ಊರಿನ ಆರು ಜನ ರೈತಕೂಲಿಗಳನ್ನು 1834ರಲ್ಲಿ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ್ದರು. ಅವರ ಕಥೆ, ಮೂರು ಗಂಟೆಯ ಸಿನಿಮಾ. ಇನ್ನೊಂದು ಚಿತ್ರಕಥೆಯೂ ಬರೆದಿಟ್ಟಿದ್ದರು, ಸಿನಿಮಾ ಆಗಲೇ ಇಲ್ಲ. 1991ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, 57 ವಯಸ್ಸು. ಇದು ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಗೆಳೆಯ ಪೀಟರ್ ಜೂವೆಲ್ ಜೊತೆ ಸೇರಿ ಹಳೇ ಮ್ಯಾಜಿಕ್ ಲ್ಯಾಂಟರ್ನು (ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಲ್ಲಿ ಪರದೆಗೆ ಬಿಡುವ ಯಂತ್ರ), ಸಿನಿಮಾ ಪುಸ್ತಕ ಎಲ್ಲ ಕೂಡಿಹಾಕಿದ್ದರು. ಅದು ಈಗ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಮ್ಯೂಸಿಯಂ ಆಗಿದೆ. ಪುಟ್ಟಾ, ಇದನ್ನು ಬರೆದುಕೋ, ನಿನಗೆ ಬೇಕಾಗುತ್ತೆ.

ಭಾವಾ, ಮೊದಲನೆಯ ಸಿನಿಮಾ 46 ನಿಮಿಷ ಅಷ್ಟೇ. ಭಾನುವಾರ ಪುಟ್ಟನ ಜೊತೆ ಕೂತು ನೋಡಿ, ಅಕ್ಕನನ್ನೂ ಕರೆಯಿರಿ. ಆ ಕಪ್ಪಿನ ದೃಶ್ಯ ಬಂದಾಗ ಮಾತ್ರ ಫೋನ್ ಪಕ್ಕಕ್ಕಿಡಿ.