ಸೋನಿ 145 ವ್ಯಾಟ್, ಡೆನಾನ್ 70 ವ್ಯಾಟ್: ಸರೌಂಡ್ ಯಾವುದರಲ್ಲಿ ಚೆನ್ನಾಗಿರುತ್ತೆ?

ಹಂಚಿನಮನೆ (ಚಿಕ್ಕಮಗಳೂರು):
ನಮಸ್ಕಾರ. ಹಾಲ್ 14×12 ಅಡಿ, ರೆಡ್ ಆಕ್ಸೈಡ್ ನೆಲ, ಮೇಲೆ ಹಂಚು. ಸೋಫಾ ಹಿಂದಿನ ಗೋಡೆಗೆ ತಾಗಿಕೊಂಡೇ ಇದೆ, ಮುಂದಕ್ಕೆ ಎಳೆಯೋಕೆ ಜಾಗ ಇಲ್ಲ. ಐದು ಸ್ಪೀಕರ್, ಒಂದು ಪವರ್ಡ್ ಸಬ್‌ವೂಫರ್ (ಆ್ಯಂಪ್ಲಿಫಯರ್ ಒಳಗೇ ಇರೋ ಬೇಸ್ ಸ್ಪೀಕರ್) ಇದೆ, ಇವನ್ನೆಲ್ಲ ಓಡಿಸೋ ಆ್ಯಂಪ್ಲಿಫಯರ್ ಪೆಟ್ಟಿಗೆ, ಅಂದ್ರೆ ರಿಸೀವರ್ ಮಾತ್ರ ತಗೋಬೇಕು. ಡೆನಾನ್ ಎಕ್ಸ್250ಬಿಟಿ, ಯಮಾಹಾ ಆರ್‌ಎಕ್ಸ್-ವಿ385, ಸೋನಿ ಎಸ್‌ಟಿಆರ್-ಡಿಎಚ್590, ಈ ಮೂರರಲ್ಲಿ ಒಂದು. ಸಿನಿಮಾ ನೋಡೋದೆಲ್ಲ ಟಿವಿ ಆ್ಯಪ್‌ನಲ್ಲೇ. ವ್ಯಾಟ್ ಜಾಸ್ತಿ ಇರೋ ಸೋನಿನೇ ತಗೊಳ್ಳೋದು ಸರೀನಾ?

ಮೈಕ್_ಟೆಸ್ಟ್ (ಹಾಸನ):
ಆ ಎರಡು ಅಂಕಿ ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ ಸರ್. ಸೋನಿಯ 145 ಅಂದ್ರೆ 6 ಓಮ್, 1 ಕಿಲೋಹರ್ಟ್ಜ್, ಒಂದೇ ಚಾನೆಲ್ ಓಡಿಸಿ, 0.9% ಡಿಸ್ಟಾರ್ಷನ್‌ಗೆ (ಸದ್ದು ಕೆಡೋ ಪ್ರಮಾಣ) ಅಳೆದಿದ್ದು. ಡೆನಾನ್‌ನ 70 ಅಂದ್ರೆ 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಒಟ್ಟಿಗೆ, 0.08%. ಸೋನಿಯ ಷರತ್ತು ಸಡಿಲ, ಡೆನಾನ್‌ನದು ಬಿಗಿ. ನಿಜವಾಗಲೂ ವ್ಯಾಟ್ ಎರಡರಷ್ಟಾದ್ರೂ ಸಿಗೋದು 3 ಡೆಸಿಬಲ್ ಅಷ್ಟೇ. ನಿಮ್ಮ ಹಾಲ್‌ಗೆ ಮೂರೂ ಸಾಕು.

ಮೂರೂ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಅನ್ನೋ ಸರೌಂಡ್ ಫಾರ್ಮ್ಯಾಟ್‌ಗಳನ್ನ ಡಿಕೋಡ್ ಮಾಡ್ತಾವೆ, ಯಾವುದರಲ್ಲೂ ಅಟ್ಮಾಸ್ (ತಲೆ ಮೇಲಿಂದಲೂ ಸದ್ದು ಬರೋ ಫಾರ್ಮ್ಯಾಟ್) ಇಲ್ಲ. ವ್ಯತ್ಯಾಸ ಇರೋದು ಕೋಣೆಯ ಸದ್ದು ಅಳೆದು ಸ್ಪೀಕರ್‌ಗಳನ್ನ ತಾನೇ ಹೊಂದಿಸೋಕೆ ಬೇಕಾದ ಮೈಕ್‌ನಲ್ಲಿ. ಯಮಾಹಾದಲ್ಲಿ ವೈಪಾವೊ, ಸೋನಿಯಲ್ಲಿ ಡಿಸಿಎಸಿ ಅಂತ ಆಟೋ ಸೆಟಪ್ ಇದೆ. ಎಕ್ಸ್250ಬಿಟಿಯಲ್ಲಿ ಮೈಕ್ ಇಲ್ಲ, ಸ್ಪೀಕರ್‌ಗಳ ದೂರ, ಲೆವೆಲ್ (ಸದ್ದಿನ ಮಟ್ಟ) ಎಲ್ಲಾ ಕೈಯಲ್ಲೇ ಹಾಕಬೇಕು. ರೆಡ್ ಆಕ್ಸೈಡ್ ನೆಲ ಸದ್ದನ್ನ ಚೆನ್ನಾಗಿ ವಾಪಸ್ ಎಸೆಯುತ್ತೆ, ಅದಕ್ಕೆ ನನ್ನ ಓಟು ಯಮಾಹಾಗೆ. ಸೋಫಾ ಮುಂದೆ ದಪ್ಪ ಜಮಖಾನ ಹಾಸಿ, ಡೈಲಾಗ್ ಸ್ಪಷ್ಟ ಆಗುತ್ತೆ.

ವೈಪಾವೊ ಓಡಿಸುವಾಗ ಮೈಕ್ ಕಿವಿ ಎತ್ತರದಲ್ಲಿ ಟ್ರೈಪಾಡ್ ಮೇಲಿರಲಿ, ಫ್ಯಾನ್ ಆಫ್ ಇರಲಿ. ಆಮೇಲೆ ಮೆನುಗೆ ಹೋಗಿ ನೋಡಿ: ಮುಂದಿನ ಸ್ಪೀಕರ್‌ಗಳನ್ನ 'ಲಾರ್ಜ್' ಅಂತ ಇಟ್ಟಿದ್ರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್ ಕೊಡಿ, ಅಂದ್ರೆ ಅದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುತ್ತೆ. ಸಬ್‌ವೂಫರ್ ಹಿಂದಿರೋ ಕ್ರಾಸ್‌ಓವರ್ ತಿರುಪನ್ನ ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲಾಂದ್ರೆ ಒಂದೇ ಸದ್ದು ಎರಡೆರಡು ಫಿಲ್ಟರ್ ದಾಟಬೇಕಾಗುತ್ತೆ. ಸಬ್ ದೂರ ಟೇಪ್‌ನಲ್ಲಿ ಅಳೆದದ್ದಕ್ಕಿಂತ ಜಾಸ್ತಿ ತೋರಿಸಿದ್ರೆ ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟ್‌ನಲ್ಲಿ ಆಗೋ ತಡ ಅದರಲ್ಲಿ ಸೇರಿರುತ್ತೆ.

ತಂತಿಕಂಬ (ಹಾಸನ):
ರಿಸೀವರ್‌ಗಿಂತ ಮೊದಲು ಸೋಫಾ ವಿಷಯ. ಗೋಡೆಗೆ ತಾಗಿರೋದರಿಂದ ಸರೌಂಡ್‌ಗಳನ್ನ (ಐದರಲ್ಲಿ ಪಕ್ಕ-ಹಿಂದಿನ ಸದ್ದಿನ ಎರಡು ಸ್ಪೀಕರ್) ಹಿಂದಿನ ಗೋಡೆಗೆ ಹೊಡೀಬೇಡಿ, ತಲೆ ಹಿಂದೆಯೇ ಕೂಗಿದ ಹಾಗೆ ಕೇಳುತ್ತೆ. ಸಾಮಾನ್ಯ ಲೆಕ್ಕ ನೇರ ಎದುರಿನಿಂದ 110 ಡಿಗ್ರಿ, ಅಂದ್ರೆ ಕಿವಿಗಿಂತ ಸ್ವಲ್ಪ ಹಿಂದೆ, ನಿಮಗೆ ಅಷ್ಟು ಜಾಗ ಇಲ್ಲ. ಪಕ್ಕದ ಗೋಡೆಗಳಲ್ಲಿ, ಕೂತವರ ಕಿವಿಯ ನೇರಕ್ಕೆ, ಕಿವಿಗಿಂತ ಒಂದೂವರೆ ಅಡಿ ಮೇಲೆ ಹಾಕಿ.

ಸರೌಂಡ್ 5 ಅಡಿ ದೂರದಲ್ಲಿದ್ದು ಮುಂದಿನದು 11 ಅಡಿ ದೂರದಲ್ಲಿದ್ರೆ, 6 ಅಡಿ ಅಂತರಕ್ಕೆ ಸುಮಾರು 5 ಮಿಲಿಸೆಕೆಂಡ್ ವ್ಯತ್ಯಾಸ. ದೂರ ಸರಿಯಾಗಿ ಹಾಕದಿದ್ರೆ ಸರೌಂಡ್ ಮೊದಲೇ ಕಿವಿಗೆ ಬಿದ್ದು, ಗಮನ ಪಕ್ಕದ ಗೋಡೆ ಕಡೆಗೇ ಹೋಗುತ್ತೆ. ಡೆನಾನ್ ತಗೊಂಡ್ರೂ ಇದನ್ನ ಸರಿ ಮಾಡಬಹುದು: ಟೇಪ್ ಹಿಡಿದು ದೂರ ಹಾಕಿ, ಟೆಸ್ಟ್ ಟೋನ್ ಓಡಿಸಿ, ಫೋನ್‌ನ ಸೌಂಡ್ ಮೀಟರ್ ಆ್ಯಪ್ ಸೆಟ್ಟಿಂಗ್ 'ಸಿ' ಮತ್ತು 'ಸ್ಲೋ'ನಲ್ಲಿಟ್ಟು ಐದೂ ಸ್ಪೀಕರ್ ಒಂದೇ ಅಂಕಿ ತೋರಿಸೋ ಹಾಗೆ ಲೆವೆಲ್ ಹೊಂದಿಸಿ. ಫೋನ್ ತೋರಿಸೋ ಡೆಸಿಬಲ್ ನಿಖರ ಇರಲ್ಲ, ಒಂದಕ್ಕೊಂದು ಹೋಲಿಸೋಕೆ ಸಾಕು. ಈಕ್ವಲೈಸೇಷನ್ (ಬೇಸ್, ಟ್ರೆಬಲ್ ಏರುಪೇರು ಸರಿಪಡಿಸೋದು) ಮಾತ್ರ ಹೀಗೆ ಕೈಯಲ್ಲಿ ಆಗಲ್ಲ.

ಹಂಚಿನಮನೆ:
ಥ್ಯಾಂಕ್ಸ್. ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಸಾಕಾ?

ತಂತಿಕಂಬ:
ಬೇಡ, ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನ ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ವಾಪಸ್ ಕಳಿಸೋ ಪೋರ್ಟ್) ಬಳಸಿ. ಆ್ಯಪ್‌ಗಳು ಸಾಮಾನ್ಯವಾಗಿ ಕಳಿಸೋದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನೋ ಸರೌಂಡ್ ಫಾರ್ಮ್ಯಾಟ್, ಅದು ಆಪ್ಟಿಕಲ್‌ನಲ್ಲಿ ಹೋಗಲ್ಲ. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ 'ಪಿಸಿಎಂ' (ಟಿವಿಯೇ ಡಿಕೋಡ್ ಮಾಡಿ ಕಳಿಸೋದು) ಅಂತಿದ್ರೆ 'ಆಟೋ' ಅಥವಾ 'ಬಿಟ್‌ಸ್ಟ್ರೀಮ್' ಮಾಡಿ. ಪಿಸಿಎಂ ಆದ್ರೆ ಎಆರ್‌ಸಿಯಲ್ಲಿ ಎರಡೇ ಚಾನೆಲ್ ಬರುತ್ತೆ, ಸರೌಂಡ್‌ನಲ್ಲಿ ಬರೋದೆಲ್ಲ ರಿಸೀವರ್ ಊಹೆ ಮಾಡಿದ್ದು. 'ರಿಸೀವರ್ ಸರೌಂಡ್ ಚೆನ್ನಾಗಿಲ್ಲ' ಅನ್ನೋ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಪ್ಲೇ ಮಾಡುವಾಗ ರಿಸೀವರ್ ಡಿಸ್‌ಪ್ಲೇಯಲ್ಲಿ ಡಾಲ್ಬಿ ಹೆಸರು ಬಂತಾ ನೋಡಿ.

ಮೈಕ್_ಟೆಸ್ಟ್:
ಒಂದು ಮಾತು ಬಿಟ್ಟುಹೋಗಿತ್ತು. ಸ್ಪೀಕರ್‌ಗೆ 1.5 ಚದರ ಮಿಮೀ ತಾಮ್ರದ ವೈರ್ ಸಾಕು. ಮಲೆನಾಡು ಕಡೆ ಮಳೆಗಾಲದ ತೇವಕ್ಕೆ ಟರ್ಮಿನಲ್‌ನಲ್ಲಿ ತಾಮ್ರ ಹಸಿರಾಗುತ್ತೆ, ಆಗ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಏಪ್ರಿಲ್-ಮೇ ಗುಡುಗಿಗೆ ಪ್ಲಗ್ ತೆಗೆದರೆ ಸಾಲದು, ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್ ಕೇಬಲ್ಲನ್ನೂ ಬಿಚ್ಚಿ. ಸಿಡಿಲಿನ ಸರ್ಜ್ ಆ ಕೇಬಲ್ಲಿಂದ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್ ಬೋರ್ಡ್‌ಗೆ ಹತ್ತುತ್ತೆ. ರಿಸೀವರ್ ಕಡೆಯ ಎಚ್‌ಡಿಎಂಐ ತಂತಿಯನ್ನೂ ತೆಗೆದಿಟ್ಟರೆ ಇನ್ನೂ ಒಳ್ಳೇದು.